ನಾಬ್ ಕೊಳ್ಳುವ ಮೊದಲು ಲಿವರ್ ನೋಡಿ

ಈ ತಿಂಗಳ ಪತ್ರಗಳ ಕಟ್ಟು ಬಿಚ್ಚಿದರೆ ಬರೀ ಗೇರ್ ನಾಬ್, ಅಂದರೆ ಗೇರ್ ಲಿವರ್ ತುದಿಯಲ್ಲಿ ಕೈ ಹಿಡಿಯುವ ಗುಂಡು. ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಮಳೆ ಕಡಿಮೆಯಾಯ್ತು, ಆಯುಧ ಪೂಜೆ ಹತ್ತಿರ ಬಂತು. ಗಾಡಿಗೆ ಹೂ ಏರಿಸುವ ಮೊದಲು ಏನಾದರೂ ಒಂದು ಹೊಸದು ಹಾಕಬೇಕು ಅಂತ ಎಲ್ಲರಿಗೂ ಆಸೆ. ಸೀಟ್ ಕವರ್ ದುಬಾರಿ, ಅಲಾಯ್ ವೀಲ್ ಇನ್ನೂ ದುಬಾರಿ. ನಾಬ್ ಆದರೆ ಸಾವಿರದ ಆಸುಪಾಸಿನಲ್ಲಿ ಮುಗಿಯುತ್ತದೆ ಅಂತ ಲೆಕ್ಕ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ.

ಪ್ರಶ್ನೆ: ನನ್ನದು 2010ರ ಹೋಂಡಾ ಸಿಟಿ, ಐದು ಗೇರಿನದ್ದು. ಆನ್‌ಲೈನ್‌ನಲ್ಲಿ 1,150 ರೂಪಾಯಿ ಕೊಟ್ಟು ಒಂದು ಸ್ಟೀಲ್ ನಾಬ್ ತರಿಸಿದೆ. '10 ಎಂಎಂ, ಹೆಚ್ಚಿನ ಎಲ್ಲ ಕಾರುಗಳಿಗೆ ಆಗುತ್ತದೆ' ಅಂತ ಬರೆದಿದ್ದರು. ನನ್ನ ಲಿವರ್ ಕೂಡ 10 ಎಂಎಂ ಅಂತ ಗೊತ್ತಿತ್ತು. ಆದರೆ ಎರಡು ಸುತ್ತು ಹೋಗಿ ಗಟ್ಟಿಯಾಗಿ ನಿಂತುಬಿಟ್ಟಿತು. ಪಕ್ಕದ ಮನೆಯವರು 'ಪೈಪ್ ಪಾನಾ ಹಾಕಿ ತಿರುಗಿಸು, ಹೋಗ್ತದೆ' ಅನ್ನುತ್ತಾರೆ. ತಿರುಗಿಸಲಾ? — ಓದುಗರು, ಮಣಿಪಾಲ

ಉತ್ತರ: ಬೇಡ ಮಾರಾಯ್ರೆ! ಪೈಪ್ ಪಾನಾ ಮೊದಲು ಪಕ್ಕದ ಮನೆಗೆ ವಾಪಸ್ ಕೊಡಿ.

ದಪ್ಪ ಒಂದೇ ಆದರೆ ಸಾಲದು, ತಿರುಪಿನ ಪಿಚ್ ಕೂಡ ಒಂದೇ ಇರಬೇಕು. ಪಿಚ್ ಅಂದರೆ ಒಂದು ಪೂರ್ತಿ ಸುತ್ತಿಗೆ ನಾಬ್ ಎಷ್ಟು ಕೆಳಗಿಳಿಯುತ್ತದೆ ಅನ್ನುವ ಲೆಕ್ಕ. ಹೋಂಡಾದಲ್ಲಿ ಸಾಮಾನ್ಯವಾಗಿ 10 ಎಂಎಂ ದಪ್ಪಕ್ಕೆ 1.5 ಪಿಚ್. ನಿಸಾನ್‌ನಲ್ಲಿ ಅದೇ 10 ಎಂಎಂ, ಆದರೆ ಪಿಚ್ 1.25. ಟೊಯೋಟಾದಲ್ಲಿ ದಪ್ಪವೇ ಬೇರೆ, 12 ಎಂಎಂ, ಪಿಚ್ 1.25. ನಿಮಗೆ ಬಂದದ್ದು ಹೆಚ್ಚಾಗಿ 10ಕ್ಕೆ 1.25. ಮೊದಲ ಒಂದೆರಡು ಸುತ್ತು ಯಾವುದಾದರೂ ಹೋಗುತ್ತದೆ. ಆಮೇಲೆ ಒಂದರ ಹಲ್ಲು ಇನ್ನೊಂದರ ತಲೆಯ ಮೇಲೆ ಕೂರುತ್ತದೆ. ಅಲ್ಲಿಂದ ಮುಂದೆ ನೀವು ತಿರುಗಿಸುವುದಿಲ್ಲ, ಕೆತ್ತುತ್ತೀರಿ.

ಅಳೆಯುವುದು ಕಷ್ಟವಿಲ್ಲ. ಹಳೇ ನಾಬ್ ತೆಗೆದು, ಲಿವರ್ ತುದಿಯನ್ನು ಹಳೇ ಬಟ್ಟೆಯಲ್ಲಿ ಒರೆಸಿ. ಮಕ್ಕಳ ಜಾಮೆಟ್ರಿ ಬಾಕ್ಸಿನ ಸ್ಕೇಲು ತಂದು ತಿರುಪಿಗೆ ಆನಿಸಿ ಹಿಡಿಯಿರಿ. 15 ಮಿಲಿಮೀಟರಿನೊಳಗೆ ಎಷ್ಟು ಹಲ್ಲು ಉಂಟು ಅಂತ ಲೆಕ್ಕ ಮಾಡಿ. 10 ಇದ್ದರೆ ಪಿಚ್ 1.5. 12 ಇದ್ದರೆ 1.25. ಕಣ್ಣು ಮಂಜಾಗಿದ್ದರೆ ಮೊಬೈಲ್‌ನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿ, ನಾನು ಈಗ ಹಾಗೇ ಮಾಡುವುದು. ದಪ್ಪಕ್ಕೆ ವರ್ನಿಯರ್ ಹಿಡಿದರೆ 10 ಎಂಎಂನ ತಿರುಪು ಹತ್ತಕ್ಕಿಂತ ಕೂದಲೆಳೆಯಷ್ಟು ಕಮ್ಮಿ ತೋರಿಸುತ್ತದೆ, ಗಾಬರಿ ಬೇಡ.

ಇನ್ನೂ ಸುಲಭದ್ದು ನಟ್ ಹಾಕಿ ನೋಡುವುದು. ಹಾರ್ಡ್‌ವೇರ್ ಅಂಗಡಿಯ ಸಾದಾ 10 ಎಂಎಂ ನಟ್ 1.5 ಪಿಚ್‌ನದ್ದೇ. ಅದು ನಿಮ್ಮ ಲಿವರ್‌ಗೆ ಬೆರಳಲ್ಲೇ ಸರಸರ ಇಳಿದರೆ ವಿಷಯ ಮುಗಿಯಿತು. ಟೊಯೋಟಾದವರಿಗೆ ಒಂದು ಗ್ಯಾರೇಜಿನ ಗುಟ್ಟು: ಅಂಗಡಿಯ ಸಾದಾ 12 ಎಂಎಂ ನಟ್ 1.75 ಪಿಚ್, ಅದು ಕೂರುವುದಿಲ್ಲ. ಆದರೆ ಮಾರುತಿಯ ವೀಲ್ ನಟ್ 12ಕ್ಕೆ 1.25. ಅದನ್ನು ತಿರುಗಿಸಿ ನೋಡಿ, ಇಳಿಯುತ್ತದೆ. ನೋಡಿದ ಮೇಲೆ ನಟ್ಟನ್ನು ಮರೆಯದೆ ಮಾರುತಿಗೆ ವಾಪಸ್ ಹಾಕಿ.

ಈಗ ನಿಮ್ಮ ನಾಬ್‌ಗೆ ಎಂತ ಮಾಡುವುದು? ವಾಪಸ್ ಕಳಿಸಲು ಆಗುವುದಾದರೆ ಕಳಿಸಿ. ಆಗದಿದ್ದರೆ ಒಳಗೆ 1.5ರ ಟ್ಯಾಪ್ ಹೊಡೆಸಬೇಡಿ, ಅಂದರೆ ಹೊಸ ತಿರುಪು ಕೊರೆಸಬೇಡಿ. ಅಲ್ಲಿ 1.25ರ ಹಲ್ಲು ಆಗಲೇ ಉಂಟು, ಎರಡೂ ಸೇರಿ ಒಂದೂ ಉಳಿಯುವುದಿಲ್ಲ. ಲೇತ್‌ನವರ ಹತ್ತಿರ ತೂತು ದೊಡ್ಡದು ಮಾಡಿಸಿ, ಹಿತ್ತಾಳೆಯ ಬುಷ್ (ಕೊಳವೆಯಂಥ ಒಳತುಂಡು) ಕೂರಿಸಿ, ಬುಷ್ ಒಳಗೆ ಸರಿಯಾದ ತಿರುಪು ಹಾಕಿಸಬಹುದು. ನೀವು ಮಣಿಪಾಲದವರು, ಮಲ್ಪೆ ಕಡೆ ಹೋಗಿ. ಬೋಟಿನ ಕೆಲಸ ಮಾಡುವ ಲೇತ್‌ನವರಿಗೆ ಹಿತ್ತಾಳೆ ಬುಷ್ ತಿರುವುದು ಚಹಾ ಕುಡಿದಷ್ಟು ಹೊತ್ತಿನ ಕೆಲಸ. ಬೆಳಿಗ್ಗೆ ಬೋಟಿನವರ ಗಡಿಬಿಡಿ ಇರುತ್ತದೆ, ಮಧ್ಯಾಹ್ನದ ಮೇಲೆ ಹೋಗಿ. ಹೋಗುವಾಗ ಆ 10 ಎಂಎಂ ನಟ್ ಕಿಸೆಯಲ್ಲಿರಲಿ. ಬಾಯಲ್ಲಿ ಹೇಳಿದ ಅಳತೆಗಿಂತ ಕೈಗೆ ಕೊಟ್ಟ ನಟ್ ಒಳ್ಳೆಯದು.

ಕೂರಿಸುವಾಗ ಗಾಡಿ ಸಮನೆಲದಲ್ಲಿ, ಹ್ಯಾಂಡ್‌ಬ್ರೇಕ್ ಮೇಲೆ, ಗೇರ್ ನ್ಯೂಟ್ರಲ್‌ನಲ್ಲಿ, ಇಂಜಿನ್ ಬಂದ್. ಐದಾರು ಸುತ್ತು ಬರೀ ಬೆರಳಲ್ಲಿ ಹೋಗಬೇಕು. ನಾಬ್ ಮೇಲಿನ ಗೇರಿನ ನಕ್ಷೆ ಅಡ್ಡ ನಿಂತರೆ ಇನ್ನೂ ಅರ್ಧ ಸುತ್ತು ಬಿಗಿ ಮಾಡಲು ಜೋರು ಮಾಡಬೇಡಿ. ನಾಬ್‌ನ ಕೆಳಗೆ ಮೊದಲೇ ಒಂದು ತೆಳು ನಟ್ ಹಾಕಿಟ್ಟು, ನಕ್ಷೆ ನೇರ ಬಂದಲ್ಲಿ ನಾಬ್ ನಿಲ್ಲಿಸಿ, ನಟ್ಟನ್ನು ಕೆಳಗಿನಿಂದ ಮೇಲಕ್ಕೆ ಬಿಗಿ ಮಾಡಿ. ತಿರುಪಿಗೆ ನೀಲಿ ಥ್ರೆಡ್ ಲಾಕರ್ (ತಿರುಪು ಸಡಿಲವಾಗದಂತೆ ಹಿಡಿಯುವ ಅಂಟು) ಒಂದೇ ಹನಿ. ಕೆಂಪು ಹಾಕಿದರೆ ಮುಂದೆ ತೆಗೆಯುವಾಗ ಬಿಸಿ ಕೊಡಬೇಕಾಗುತ್ತದೆ, ಆಗ ಸುತ್ತಲಿನ ಪ್ಲಾಸ್ಟಿಕ್ ಗತಿ ಏನು? ಒಂದು ರಾತ್ರಿ ಹಾಗೇ ಬಿಡಿ.

ಪ್ರಶ್ನೆ: ತಿರುಪಿನ ತಲೆಬಿಸಿಯೇ ಬೇಡ, ಕೆಳಗೆ ಮೂರು ಸಣ್ಣ ಸ್ಕ್ರೂ ಇರುವ ಯುನಿವರ್ಸಲ್ ನಾಬ್ ತಗೊಳ್ಳಿ ಅಂತ ಕಂಕನಾಡಿಯ ಒಂದು ಅಂಗಡಿಯಲ್ಲಿ ಹೇಳಿದರು. ಆಗಬಹುದಾ? — ಓದುಗರು, ಮಂಗಳೂರು

ಉತ್ತರ: ನನ್ನದೇ ಕತೆ ಹೇಳುತ್ತೇನೆ. 2011ರಲ್ಲಿ ಅಕ್ಕನ ಮಗನ ಆಲ್ಟೋಗೆ ಇಂಥದ್ದೇ ಒಂದು ನಾಬ್ ಹಾಕಿಕೊಟ್ಟೆ. ಅವನ ಹುಟ್ಟಿದ ದಿನ, ಮಾವನ ಉಡುಗೊರೆ. ಲಿವರ್ ಮೇಲೆ ಪ್ಲಾಸ್ಟಿಕ್ ತೋಳು, ಅದರ ಮೇಲೆ ನಾಬ್, ಸುತ್ತ ಮೂರು ಅಲೆನ್ ಸ್ಕ್ರೂ. ಬಿಗಿ ಮಾಡಿ ಅಲ್ಲಾಡಿಸಿ ನೋಡಿದೆ, ಕಲ್ಲಿನ ಹಾಗಿತ್ತು. ಗ್ಯಾರೇಜು ಇಟ್ಟವನು ನಾನು, ನನಗೆ ಯಾರು ಹೇಳುವುದು?

ಮೂರನೇ ವಾರ ಅದೇ ಕಾರಿನಲ್ಲಿ ಉಡುಪಿ ಕಡೆ ಬರುತ್ತಿದ್ದೆವು. ನಾನೇ ಡ್ರೈವಿಂಗ್. ಇಂದ್ರಾಳಿ ರೈಲ್ವೆ ಸೇತುವೆ ಹತ್ತಿರ ಎಂದಿನ ಹಾಗೆ ಸಾಲು ನಿಂತಿತ್ತು. ಮುಂದಿನ ಗಾಡಿ ಹೊರಟಿತು, ಫಸ್ಟ್‌ನಿಂದ ಸೆಕೆಂಡಿಗೆ ಎಳೆದೆ. ಎಳೆದದ್ದು ಬಂತು, ಸೆಕೆಂಡ್ ಬೀಳಲಿಲ್ಲ. ಹಿಂದೆ ಬಸ್ಸಿನವನ ಹಾರನ್. ಇಂಜಿನ್ ಕಿರುಚುತ್ತಾ ಉಂಟು. ನಾನು ರಸ್ತೆ ನೋಡುತ್ತಾ ಮತ್ತೆ ಮತ್ತೆ ಎಳೆಯುತ್ತಿದ್ದೇನೆ. ಪಕ್ಕದಲ್ಲಿ ಕೂತ ಅಳಿಯ ಮೆಲ್ಲ ಹೇಳಿದ: "ಮಾವ, ಗೇರ್ ನಿಮ್ಮ ಕೈಯಲ್ಲುಂಟು."

ನೋಡಿದರೆ ಹೌದು. ನಾಬ್ ಕೈಯಲ್ಲಿ, ಲಿವರ್ ಫಸ್ಟ್‌ನಲ್ಲೇ. ಬೋಳು ಕಡ್ಡಿ ಹಿಡಿದುಕೊಂಡು ಕುಂಜಿಬೆಟ್ಟಿನವರೆಗೆ ಬಂದು ಬದಿಗೆ ನಿಲ್ಲಿಸಿದೆ. ಪ್ಲಾಸ್ಟಿಕ್ ತೋಳು ಸ್ಕ್ರೂಗಳ ಒತ್ತಿಗೆ ತಗ್ಗಿ ಹೋಗಿತ್ತು. ಬಿಸಿಲಲ್ಲಿ ನಿಂತ ಕಾರಿನೊಳಗೆ ಪ್ಲಾಸ್ಟಿಕ್ ಮೆದುವಾಗುತ್ತದೆ, ರಸ್ತೆಯ ನಡುಕಕ್ಕೆ ಸ್ಕ್ರೂ ಸಡಿಲವಾಗುತ್ತದೆ. ಎರಡೂ ಒಟ್ಟಿಗೆ ಆಗಿತ್ತು. ಈಗಲೂ ಮನೆಯಲ್ಲಿ ಯಾವುದಾದರೂ ಕಿತ್ತು ಬಂದರೆ ಅವನು ಅದೇ ಮಾತು ಹೇಳುವುದು.

ಹಾಗಾಗಿ, ನಿಮ್ಮ ಲಿವರ್‌ಗೆ ತಿರುಪು ಇದ್ದರೆ ತಿರುಪಿನ ನಾಬೇ ಹಾಕಿ. ತಿರುಪಿಲ್ಲದ ನುಣುಪು ಲಿವರ್ ಆದರೆ ಮಾತ್ರ ಮೂರು ಸ್ಕ್ರೂಗಳದ್ದು. ಆಗಲೂ ಪ್ಲಾಸ್ಟಿಕ್ ಬದಲು ಲೋಹದ ತೋಳು ಹಾಕಿ, ಸ್ಕ್ರೂಗಳನ್ನು ಒಂದೊಂದಾಗಿ ಸ್ವಲ್ಪ ಸ್ವಲ್ಪ ಬಿಗಿ ಮಾಡಿ, ಒಂದು ವಾರ ಬಿಟ್ಟು ಮತ್ತೆ ಕೀ ಹಾಕಿ ನೋಡಿ. ಆ ಅಲೆನ್ ಕೀ ಡ್ಯಾಶ್‌ಬೋರ್ಡ್ ಒಳಗೇ ಇರಲಿ.

ಪ್ರಶ್ನೆ: ನಾನು ನಿವೃತ್ತ ಟೀಚರ್, 64 ವರ್ಷ. ನನ್ನ ವ್ಯಾಗನ್ ಆರ್ ನಾನೇ ಓಡಿಸುವುದು. ಈಚೆಗೆ ಬಲಗೈ ಸರಿ ಉಂಟು, ಎಡಗೈ ಬೆರಳ ಗಂಟುಗಳಲ್ಲಿ ನೋವು. ಗೇರ್ ಹಾಕುವಾಗ ನಾಬ್ ಹಿಡಿಯಲಿಕ್ಕೇ ಕಷ್ಟ. ದೊಡ್ಡ ನಾಬ್ ಹಾಕಿದರೆ ಅನುಕೂಲ ಆಗಬಹುದೇ? ಮಗ 'ಆಟೋಮ್ಯಾಟಿಕ್ ತಗೊ' ಅನ್ನುತ್ತಾನೆ. — ಓದುಗರು, ಕುಂದಾಪುರ

ಉತ್ತರ: ಟೀಚರ್, ಈ ಕಟ್ಟಿನಲ್ಲಿ ನಾಬ್ ಬದಲಿಸಲು ಸರಿಯಾದ ಕಾರಣ ಇರುವುದು ನಿಮ್ಮ ಪತ್ರದಲ್ಲೇ.

ಆದರೆ ಮೊದಲು ಒಂದು ಪರೀಕ್ಷೆ. ಇಂಜಿನ್ ಬಂದ್ ಮಾಡಿ, ಕ್ಲಚ್ ಒತ್ತಿ, ಎಲ್ಲ ಗೇರನ್ನೂ ಒಮ್ಮೆ ಹಾಕಿ ನೋಡಿ. ಆಮೇಲೆ ಇಂಜಿನ್ ಸ್ಟಾರ್ಟ್ ಮಾಡಿ ಅದನ್ನೇ ಮಾಡಿ. ಬಂದ್ ಇದ್ದಾಗ ಸಲೀಸು, ಸ್ಟಾರ್ಟ್ ಇದ್ದಾಗ ಬಿಗಿ ಅಂತಾದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ. ಅದಕ್ಕೆ ನಾಬ್ ಔಷಧಿ ಅಲ್ಲ, ಕ್ಲಚ್ ಅಡ್ಜಸ್ಟ್ ಮಾಡಿಸಬೇಕು. ಎರಡೂ ಸಲ ಬಿಗಿ ಇದ್ದರೆ ಗೇರ್ ಕೇಬಲ್ ಮತ್ತು ಗೇರ್ ಆಯಿಲ್ ತೋರಿಸಿ. ಬೆರಳಿನದ್ದು ಅಂತ ನಾವು ಅಂದುಕೊಂಡದ್ದು ಎಷ್ಟೋ ಸಲ ಗಾಡಿಯದ್ದೇ ಆಗಿರುತ್ತದೆ.

ಗಾಡಿ ಸರಿ ಇದ್ದರೆ, ಉರುಟು ನಾಬ್ ತಗೊಳ್ಳಿ. ಸುಮಾರು 50 ಮಿಲಿಮೀಟರ್ ಅಗಲ, ಮೇಲೆ ರಬ್ಬರ್ ಅಥವಾ ದೊರಗು ಚರ್ಮ. ಒಂದು ಸಣ್ಣ ಮೋಸಂಬಿಯಷ್ಟು ಅಂತ ಇಟ್ಟುಕೊಳ್ಳಿ. ಉರುಟಾದರೆ ಬೆರಳು ಮಡಚಿ ಹಿಡಿಯಬೇಕಿಲ್ಲ. ಮುಂದಕ್ಕೆ ಹಾಕುವಾಗ ಅಂಗೈಯಿಂದ ತಳ್ಳಬಹುದು, ಹಿಂದಕ್ಕೆ ನಾಲ್ಕು ಬೆರಳಲ್ಲಿ ಎಳೆಯಬಹುದು. ಗಿಡ್ಡ ನಾಬ್ ಮಾತ್ರ ಬೇಡ. ಹಾರೆಕೋಲು ಗಿಡ್ಡವಾದಷ್ಟು ಕಲ್ಲು ಭಾರ, ಅಲ್ವಾ? ಇಲ್ಲೂ ಹಾಗೇ. 30 ಸೆಂಟಿಮೀಟರ್ ಲಿವರ್ 3 ಸೆಂಟಿಮೀಟರ್ ಗಿಡ್ಡವಾದರೆ ಕೈ ಓಡುವ ದೂರ ಹತ್ತರಲ್ಲಿ ಒಂದು ಪಾಲು ಕಮ್ಮಿ, ಹಾಕಬೇಕಾದ ಬಲ ಹೆಚ್ಚುಕಮ್ಮಿ ಅಷ್ಟೇ ಜಾಸ್ತಿ. ರೇಸಿನ ಹುಡುಗರಿಗೆ ಅದು ಬೇಕು, ನಿಮಗೆ ಬೇಡ. ನಿಮಗೆ ಹಳೆಯದಕ್ಕಿಂತ ಒಂದು ಬೆರಳು ಎತ್ತರವೇ ಇರಲಿ.

ಅಂಗಡಿಗೆ ನೀವೇ ಹೋಗಿ, ಮಗನನ್ನು ಕಳಿಸಬೇಡಿ. ನಾಬನ್ನು ಕೈಯಲ್ಲಿ ಹಿಡಿದು ಎರಡು ನಿಮಿಷ ಕೂತು ನೋಡಿ. ಆಟೋಮ್ಯಾಟಿಕ್ ವಿಷಯ ನಿಮಗೂ ಮಗನಿಗೂ ಬಿಟ್ಟದ್ದು, ನಾನು ನಡುವೆ ಬರುವುದಿಲ್ಲ.

ಪ್ರಶ್ನೆ: ನನ್ನ ಐ20ಯಲ್ಲಿ ನಾಬ್ ಕೆಳಗಿನ ರಿಂಗ್ ಎತ್ತಿದರೆ ಮಾತ್ರ ರಿವರ್ಸ್ ಬೀಳುವುದು. ಅದಕ್ಕೆ ಉರುಟು ನಾಬ್ ಹಾಕಬಹುದಾ? ತಮ್ಮನ ಪೋಲೋಗೂ ಒಂದು ತರುವ ಯೋಚನೆ. — ಓದುಗರು, ಕಾಪು

ಉತ್ತರ: ರಿಂಗ್ ಮೇಲೆ ಕೆಳಗೆ ಓಡಾಡಲು ಜಾಗ ಬೇಕು, ಎರಡು ಬೆರಳು ಅದರಡಿಗೆ ಹೋಗಬೇಕು. ಹೊಸ ನಾಬ್ ದಪ್ಪವಾಗಿ ಕೆಳಗೆ ಕೂತರೆ ರಿಂಗ್ ಎತ್ತಲು ಆಗುವುದಿಲ್ಲ. ಆಗ ಸಿಟಿ ಸೆಂಟರ್ ಮಾಲಿನ ಪಾರ್ಕಿಂಗಲ್ಲಿ ಮುಂದೆ ಗೋಡೆ, ಹಿಂದೆ ಹೋಗಲು ರಿವರ್ಸ್ ಇಲ್ಲ! ರಿಂಗನ್ನು ಮೇಲೆ ಎತ್ತಿಯೇ ಕಟ್ಟಿಬಿಡುವವರೂ ಉಂಟು. ಅದು ಇನ್ನೂ ಅಪಾಯ. ರಿವರ್ಸ್‌ಗೆ ಇದ್ದ ಬೀಗ ಹೋದ ಹಾಗೆ. ರಿಂಗಿಗಾಗಿಯೇ ಮಾಡಿದ, ನಡುವೆ ಉದ್ದ ಕುತ್ತಿಗೆ ಇರುವ ಅಡಾಪ್ಟರ್ ಸಿಕ್ಕಿದರೆ ಹಾಕಿ. ಇಲ್ಲದಿದ್ದರೆ ಬಿಡಿ.

ಪೋಲೋದಲ್ಲಿ ಲಿವರ್ ಕೆಳಗೆ ಒತ್ತಿ ರಿವರ್ಸ್ ಹಾಕುವುದು. ನಾಬ್ ಮತ್ತು ಅದರ ಕೆಳಗಿನ ಚರ್ಮದ ಬೂಟ್ ಒಟ್ಟಿಗೇ ಬರುತ್ತದೆ, ತಿರುಪಿಲ್ಲ, ಒಳಗೆ ಕ್ಲಾಂಪ್. ತಿರುಗಿಸಿ ತೆಗೆಯಲು ಹೋದರೆ ಬೂಟ್ ಹರಿಯುತ್ತದೆ ಅಷ್ಟೇ. ಅದೇ ಗಾಡಿಗೆ ಮಾಡಿದ ಜೋಡಿ ಸೆಟ್ ತಗೊಳ್ಳಲಿ ತಮ್ಮ.

ಪ್ರಶ್ನೆ: ಸರ್, ಹಿಂದೊಮ್ಮೆ ನೀವು 'ಭಾರದ ನಾಬ್ ಹಾಕಿದರೆ ಗೇರ್ ಬಾಕ್ಸ್ ಬಾಳಿಕೆ ಜಾಸ್ತಿ' ಅಂತ ಬರೆದಿದ್ದಿರಿ. ಅದು ಹೇಗೆ ಸಾಧ್ಯ? — ಇಂಜಿನಿಯರಿಂಗ್ ವಿದ್ಯಾರ್ಥಿ, ಸುರತ್ಕಲ್

ಉತ್ತರ: ಬರೆದದ್ದು ಹೌದು, ತಪ್ಪೂ ಹೌದು. ಭಾರ ಬದಲಿಸುವುದು ಕೈಗೆ ಬರುವ ಅನುಭವವನ್ನು ಮಾತ್ರ. ಒಮ್ಮೆ ತಳ್ಳಿದ ಮೇಲೆ ಭಾರವೇ ಅದನ್ನು ಮುಂದೆ ಒಯ್ಯುತ್ತದೆ, ನಡುವಿನ ಸಣ್ಣ ತಡೆ ಗೊತ್ತಾಗುವುದಿಲ್ಲ. ಅದಕ್ಕೇ ಬೆಣ್ಣೆಯ ಹಾಗೆ ಅನಿಸುವುದು. ಒಳಗೆ ವೇಗ ಹೊಂದಿಸುವುದು ಸಿಂಕ್ರೊನೈಸರ್ ರಿಂಗುಗಳು, ಮೇಲೆ ಕೂತ ಗುಂಡಲ್ಲ. ಬಾಳಿಕೆ ಬೇಕಾದರೆ ಓಡಿಸುವಾಗ ಸುಮ್ನೆ ಕೈಯನ್ನು ಲಿವರ್ ಮೇಲೆ ಇಟ್ಟುಕೊಳ್ಳುವ ಅಭ್ಯಾಸ ಬಿಡಬೇಕು. ಆ ಒತ್ತು ನೇರ ಒಳಗೆ ಗೇರ್ ಸರಿಸುವ ಫೋರ್ಕಿಗೆ ಹೋಗುತ್ತದೆ.

ಅತಿ ಭಾರವೂ ಒಳ್ಳೆಯದಲ್ಲ. ಅರ್ಧ ಕಿಲೋದ ನಾಬ್ ಹಾಕಿದ ಒಂದು ಹಳೇ ಗಾಡಿ ನಮ್ಮಲ್ಲಿಗೆ ಬಂದಿತ್ತು. ಲಿವರ್ ಬುಷ್ ಮೊದಲೇ ಸವೆದಿತ್ತು, ಗುಂಡಿ ಹಾರಿದಾಗಲೆಲ್ಲ ಲಿವರ್ ಯಕ್ಷಗಾನದ ಬಣ್ಣದ ವೇಷದ ಹಾಗೆ ಕುಣಿಯುತ್ತಿತ್ತು. 200ರಿಂದ 250 ಗ್ರಾಂ ಸಾಕು ಅನ್ನುವುದು ನನ್ನ ಅಭಿಪ್ರಾಯ. ಮುಂದಿನ ಸಲ ತಪ್ಪು ಬರೆದರೂ ತಿಳಿಸಿ.

ಪ್ರಶ್ನೆ: ಚನ್ನಪಟ್ಟಣದ ಬಣ್ಣದ ಮರದ ಗುಂಡು ಒಂದು ಸಿಕ್ಕಿದೆ. ಅದನ್ನೇ ನಾಬ್ ಮಾಡಿದರೆ ಹೇಗೆ? — ಓದುಗರು, ಮೂಡುಬಿದಿರೆ

ಉತ್ತರ: ಮರ ಚೆನ್ನಾಗಿರುತ್ತದೆ, ಬಣ್ಣವೇ ತೊಂದರೆ. ಅದು ಅರಗಿನ ಬಣ್ಣ. ಲೇತ್ ಮೇಲೆ ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದಾಗ ಆ ಉಜ್ಜುವ ಬಿಸಿಗೇ ಕರಗಿ ಹತ್ತಿಕೊಳ್ಳುತ್ತದೆ. ಏಪ್ರಿಲ್ ಮಧ್ಯಾಹ್ನ ಗಾಜು ಏರಿಸಿ ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿ ಅದು ಅಂಟಂಟಾದರೆ ಆಶ್ಚರ್ಯವಿಲ್ಲ. ಕೆಂಪು ಅಂಗೈ ತೋರಿಸಿಕೊಂಡು ಆಫೀಸಿಗೆ ಹೋಗಬೇಕಾದೀತು. ಗುಂಡನ್ನು ಮನೆಯ ಶೋಕೇಸಿನಲ್ಲಿಡಿ.

ಮರವೇ ಬೇಕು ಅಂದರೆ ಬಡಗಿಯ ಹತ್ತಿರ ಸಾಗುವಾನಿಯದ್ದು ಅಥವಾ ಚೆನ್ನಾಗಿ ಒಣಗಿದ ಹಲಸಿನದ್ದು ಮಾಡಿಸಿ. ಮರಕ್ಕೆ ನೇರ ತಿರುಪು ಹಾಕಿಸಬೇಡಿ, ನಾಲ್ಕು ದಿನಕ್ಕೆ ಸವೆಯುತ್ತದೆ. ಒಳಗೆ ಹಿತ್ತಾಳೆ ಬುಷ್ ಅಂಟಿಸಬೇಕು. ಮರದ ಇನ್ನೊಂದು ಗುಣ, ಬಿಸಿಲಲ್ಲಿ ಕೈ ಸುಡುವುದಿಲ್ಲ. ಸ್ಟೀಲೂ ಮರವೂ ಒಂದೇ ಕಾರಿನಲ್ಲಿ ಅಷ್ಟೇ ಬಿಸಿಯಾಗಿರುತ್ತವೆ, ಆದರೆ ಸ್ಟೀಲು ಆ ಬಿಸಿಯನ್ನು ಒಂದೇ ಸಲಕ್ಕೆ ಕೈಗೆ ದಾಟಿಸುತ್ತದೆ. ಸ್ಟೀಲ್ ನಾಬ್ ಹಾಕಿದವರು ಹಳೇ ಕಾಲುಚೀಲ ಒಂದನ್ನು ಅದಕ್ಕೆ ತೊಡಿಸಿ. ತೊಳೆದದ್ದಾಗಿರಲಿ.

ಪ್ರಶ್ನೆ: ಮಳೆಗಾಲದಲ್ಲಿ ಚರ್ಮದ ನಾಬ್ ಮೇಲೆ ಬಿಳಿ ಬೂಷ್ಟು. ತೆಂಗಿನೆಣ್ಣೆ ಹಚ್ಚಲಾ? — ಓದುಗರು, ಕಾರ್ಕಳ

ಉತ್ತರ: ನಮ್ಮೂರಲ್ಲಿ ತಲೆಯಿಂದ ಬಾಗಿಲ ತಿರುಗಣೆಯವರೆಗೆ ಎಲ್ಲದಕ್ಕೂ ತೆಂಗಿನೆಣ್ಣೆ. ಇದಕ್ಕೆ ಬೇಡ. ಅಂಟಾಗುತ್ತದೆ, ಕನರು ವಾಸನೆ ಬರುತ್ತದೆ, ಧೂಳು ಹಿಡಿಯುತ್ತದೆ. ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ, ಬಟ್ಟೆ ಅದ್ದಿ ಚೆನ್ನಾಗಿ ಹಿಂಡಿ ಒರೆಸಿ, ಫ್ಯಾನ್ ಗಾಳಿಗೆ ಒಣಗಿಸಿ. ಆಮೇಲೆ ಚರ್ಮದ ಕ್ರೀಮ್ ತೆಳುವಾಗಿ. ಒದ್ದೆ ಕೊಡೆಯನ್ನು ಗೇರಿನ ಪಕ್ಕ ಇಡುವ ಅಭ್ಯಾಸ ಇದ್ದರೆ ಅದನ್ನೂ ಬಿಡಿ.

ಪ್ರಶ್ನೆ: ನಾಬ್ ಬದಲಿಸಿದರೆ ಆರ್‌ಟಿಓದವರು ಹಿಡಿಯುತ್ತಾರಾ? — ಓದುಗರು, ಬೈಂದೂರು

ಉತ್ತರ: 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳುವುದು ಆರ್‌ಸಿಯಲ್ಲಿ ನಮೂದಾದ ವಿವರಕ್ಕೂ ಗಾಡಿಗೂ ವ್ಯತ್ಯಾಸ ಬರುವಂಥ ಬದಲಾವಣೆ ಬಗ್ಗೆ. ನಿಮ್ಮ ಆರ್‌ಸಿ ತೆಗೆದು ನೋಡಿ, ನಾಬ್ ಬಗ್ಗೆ ಒಂದಕ್ಷರ ಇರುವುದಿಲ್ಲ. ಆದರೂ ಗೇರಿನ ನಕ್ಷೆ ಇರುವ ನಾಬನ್ನೇ ಹಾಕಿ. ಬೇರೆಯವರು ಗಾಡಿ ಓಡಿಸಬೇಕಾಗಿ ಬಂದರೆ ರಿವರ್ಸ್ ಎಲ್ಲಿ ಅಂತ ಅವರಿಗೆ ತಿಳಿಯಬೇಕಲ್ಲ. ಹಳೇ ನಾಬ್ ಬಿಸಾಡಬೇಡಿ, ಗಾಡಿ ಮಾರುವಾಗ ಬೇಕಾಗುತ್ತದೆ.

ಪ್ರಶ್ನೆ: ಕಣ್ಣಲ್ಲಿ ಕೆಂಪು ಲೈಟ್ ಉರಿಯುವ ತಲೆಬುರುಡೆ ನಾಬ್ ಹೇಗೆ? — ಓದುಗರು, ಬಿ.ಸಿ. ರೋಡ್

ಉತ್ತರ: ಬೇಡ. ಚೂಪು ಮೂಗಿನ ಮೇಲೆ ದಿನಕ್ಕೆ ಇನ್ನೂರು ಸಲ ಅಂಗೈ ಇಟ್ಟು ನೋಡಿ, ಆಮೇಲೆ ನೀವೇ ಹೇಳುತ್ತೀರಿ.

ಪ್ರಶ್ನೆ: ನಾನು ಹದಿನೆಂಟು ವರ್ಷ ಸಿಟಿ ಬಸ್ಸಿನ ಡ್ರೈವರ್. ಈಗ ಸ್ವಂತಕ್ಕೆ ಒಂದು ಸೆಕೆಂಡ್ ಹ್ಯಾಂಡ್ ಆಲ್ಟೋ ತಗೊಂಡೆ. ಬಸ್ಸಿನಲ್ಲಿದ್ದ ಗಾಜಿನ ಹಾಗಿರುವ, ಒಳಗೆ ಹೂ ಇರುವ ನಾಬ್ ಒಂದು ನನ್ನ ಹತ್ತಿರ ಉಂಟು. ಹಳೇ ಬಸ್ಸು ಗುಜರಿಗೆ ಹೋಗುವಾಗ ಧಣಿಗಳು 'ಇಟ್ಕೊ' ಅಂದರು. ಅದನ್ನು ಆಲ್ಟೋಗೆ ಹಾಕಬೇಕು ಅಂತ ಆಸೆ. ಹೆಂಡತಿ ನಗುತ್ತಾಳೆ. — ಓದುಗರು, ತೊಕ್ಕೊಟ್ಟು

ಉತ್ತರ: ಹಾಕಿ. ನಗುವವರು ನಗಲಿ.

ಬಸ್ಸಿನ ಲಿವರ್ ದಪ್ಪ, ಹಾಗಾಗಿ ನಿಮ್ಮ ನಾಬಿನ ತೂತು ಆಲ್ಟೋಗೆ ದೊಡ್ಡದಾಗುತ್ತದೆ. ಇದು ಒಳ್ಳೆಯದೇ, ಕೊರೆಯುವ ಕೆಲಸ ಇಲ್ಲ. ಹೊರಗೆ ಬಸ್ಸಿನ ತಿರುಪು, ಒಳಗೆ ಆಲ್ಟೋದ ತಿರುಪು ಇರುವ ಒಂದು ಬುಷ್ ಮಾಡಿಸಿದರೆ ಆಯ್ತು. ಬೈಕಂಪಾಡಿ ಕಡೆ ಲೇತ್‌ನವರು ಮಾಡಿಕೊಡುತ್ತಾರೆ. ನಾಬ್ ಮತ್ತು ಆಲ್ಟೋ ಎರಡನ್ನೂ ತಗೊಂಡು ಹೋಗಿ. ಪಾರದರ್ಶಕ ಪ್ಲಾಸ್ಟಿಕ್ ಆದರೆ ಬುಷ್ ಬಿಗಿ ಮಾಡುವಾಗ ಮೆಲ್ಲ, ಇಷ್ಟು ವರ್ಷದ ನಂತರ ಒಳಗಿಂದ ಬಿರುಕು ಬಿಟ್ಟೀತು. ಮೊದಲು ಬೆಳಕಿಗೆ ಹಿಡಿದು ನೋಡಿ, ಕೂದಲಿನಂಥ ಗೆರೆ ಉಂಟಾ ಅಂತ.

ಇನ್ನೊಂದು ಮಾತು. ಪಾರದರ್ಶಕ ಗುಂಡು ಬಿಸಿಲಿಗೆ ಭೂತಗನ್ನಡಿಯ ಕೆಲಸ ಮಾಡುತ್ತದೆ. ಕಾಗದ ಸುಟ್ಟ ಹಾಗೆ ಸೀಟಿನ ಬಟ್ಟೆಯನ್ನೂ ಸುಟ್ಟೀತು. ಬಸ್ಸಿನಲ್ಲಿ ಯಾವಾಗಲೂ ನಿಮ್ಮ ಕೈ ಅದರ ಮೇಲೆ ಇರುತ್ತಿತ್ತು, ಆಲ್ಟೋ ದಿನವಿಡೀ ಅಂಗಳದಲ್ಲಿ ನಿಂತಿರುತ್ತದೆ. ಇಳಿಯುವಾಗ ಒಂದು ಬೈರಾಸು (ಟವೆಲ್) ಮುಚ್ಚಿ ಇಳಿಯಿರಿ.

ಕೂರಿಸಿದ ಮೇಲೆ ಒಂದು ಫೋಟೋ ಕಳಿಸಿ. ಒಳಗಿನ ಹೂ ಯಾವ ಬಣ್ಣದ್ದು ಅಂತ ನೀವು ಬರೆಯಲೇ ಇಲ್ಲ.